ಕುಬುಸದ ದಿನ, ಅರ್ಧ ರೊಟ್ಟಿಯ ಬಗ್ಗೆ

ಮಹಿಳಾ ಮಂಡಳದ ಅಧ್ಯಕ್ಷರಾದ ಪಾರ್ವತೆಮ್ಮನವರೇ, ರಾಯಚೂರಿನಿಂದ ಬಂದಿರುವ ಡಾಕ್ಟರ್ ಸಾಹೇಬರೇ, ಬಾಲವಾಡಿಯ ಮುನವ್ವರ್ ಬೀ ಟೀಚರೇ, ಹಸಿರು ಬಳೆ ತೊಟ್ಟು ಮುಂದೆ ಕುಳಿತಿರುವ ನನ್ನಂಥ ಬಸುರಿಯರೇ, ಅವರನ್ನು ಕರೆತಂದ ಅತ್ತೆಯರೇ, ದೇವದುರ್ಗದ ಸಭಿಕರೇ, ಎಲ್ಲರಿಗೂ ಶರಣು.

ನಾನು ಅರಕೇರಾದ ಗೋಪಮ್ಮ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಆಮೇಲೆ ರಾಯಚೂರಿನ ಹತ್ತಿ ಜಿನ್ನಿನಲ್ಲಿ ಕೂಲಿಗಿದ್ದೆ, ಅದನ್ನು ಬಿಟ್ಟೆ. ಮಾನ್ವಿಗೆ ಹೊಲಿಗೆ ಕಲಿಯಲು ಹೋದೆ, ಅದನ್ನೂ ಬಿಟ್ಟೆ. ಒಂದು ಕಡೆ ನಿಲ್ಲುವ ಜಾಯಮಾನ ನನ್ನದಲ್ಲ. ಇಂಥವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದು ಪಾರ್ವತೆಮ್ಮನವರ ಧೈರ್ಯ. ಹೆದರಬೇಡಿ, ಏಳು ತಿಂಗಳ ಹೊಟ್ಟೆ ನನ್ನನ್ನು ಬಹಳ ಹೊತ್ತು ನಿಲ್ಲಗೊಡುವುದಿಲ್ಲ.

ಬಸುರಿಯರಿಗೆ ಉಡಿ ತುಂಬುವ ಈ ಸಾಮೂಹಿಕ ಕುಬುಸದಲ್ಲಿ ನನ್ನನ್ನೇ ಮಾತಿಗೆ ಕರೆದದ್ದೇಕೆ? ನನ್ನ ಮಗಳು ಆದೆಮ್ಮನ ಸಲುವಾಗಿ. ಎಂಬತ್ತೊಂದರಲ್ಲಿ ಹುಟ್ಟಿದವಳು, ಈಗ ಐದು ದಾಟಿದೆ. ಕರೆದರೆ ತಿರುಗುವುದಿಲ್ಲ. ಮುಖ ನೋಡುವುದಿಲ್ಲ. ಇನ್ನೂ "ಯವ್ವಾ" ಎಂದಿಲ್ಲ. ತಾಟನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಕೂತರೆ ಹೊತ್ತಿನ ಪರಿವೆಯೇ ಇಲ್ಲ.

ಪಾರ್ವತೆಮ್ಮನವರು ಮೊನ್ನೆ ನನಗೆ ಹೇಳಿಕೊಟ್ಟರು: "ಬಸುರಾಗಿದ್ದಾಗ ನಮ್ಮತ್ತಿ ಹೊಟ್ಟಿಗೆ ಹಾಕಲಿಲ್ಲ, ಅದಕ್ಕ ಕೂಸು ಹಿಂಗಾತು ಅಂತ ಹೇಳಿಬಿಡು. ಮಂದಿ ಅಂಜಿಯಾದ್ರೂ ಉಣ್ತಾರ."

ಹೊಟ್ಟೆಗೆ ಕಡಿಮೆ ಹಾಕಿದ್ದು ನಿಜ. ಆದರೆ ನಮ್ಮ ಮನೆಯಲ್ಲಷ್ಟೇ ಏನು? ಇಲ್ಲಿರುವ ಯಾವ ಅತ್ತೆ ಬಸುರಿ ಸೊಸೆಗೆ "ಸಾಕು, ಏಳು" ಎಂದಿಲ್ಲ? ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ ಎಂಬ ಮಾತು ಯಾರ ಮನೆಯಲ್ಲಿಲ್ಲ? ನಮ್ಮತ್ತೆ ಹುಲಗೆಮ್ಮ ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿ, ಇನ್ನರ್ಧ ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಅವಳ ಮಗಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಕೂಸು ದೊಡ್ಡದಿತ್ತಂತೆ. "ನೀನರ ಉಳಿ, ಯವ್ವಾ" ಎನ್ನುತ್ತಿದ್ದಳು. ಹಸಿವು ತಾಳದೆ ನಾನು ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ಹೋದ ವರ್ಷ ಮಗಳನ್ನು ಇದೇ ಸಾಹೇಬರಿಗೆ ತೋರಿಸಿದೆವು. ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ಅತ್ತೆ ಅವರ ಮೇಜು ಹಿಡಿದುಕೊಂಡು "ನನ್ನಿಂದಾತೇನ್ರಿ?" ಎಂದು ಕೇಳಿದಳು. ತಾಯಿಗೆ ಊಟ ಕಡಿಮೆಯಾದರೆ ರಕ್ತ ಕಡಿಮೆಯಾಗುತ್ತದೆ, ಕೂಸು ಸೊರಗುತ್ತದೆ, ಇಬ್ಬರ ಜೀವಕ್ಕೂ ಕುತ್ತು, ಇಷ್ಟು ಖಾತ್ರಿ ಎಂದರು ಸಾಹೇಬರು. ಮಿದುಳಿನ ಬೆಳವಣಿಗೆಗೂ ಪೆಟ್ಟು ಬಿದ್ದೀತು. ಆದರೆ ಈ ಮಗು ಹೀಗಾದದ್ದು ಅದರಿಂದಲೇ ಎಂದು ನಾನೂ ಹೇಳಲಾರೆ, ಬೇರೆ ಯಾರೂ ಹೇಳಲಾರರು ಎಂದರು. ಹೌದಲ್ಲವೇ ಸಾಹೇಬರೇ? ನೋಡಿ, ತಲೆಯಾಡಿಸುತ್ತಿದ್ದಾರೆ.

ಹಾಗಿದ್ದ ಮೇಲೆ ನಾನು ಹೇಗೆ ಹೇಳಲಿ, ಪಾರ್ವತೆಮ್ಮನವರೇ? ಬೋರಿಂಗ್ ಪಂಪಿನ ಹತ್ತಿರ ಹೆಂಗಸರು "ಮಮ್ಮಗಳ ಬಾಯಿ ಕಟ್ಟಿದಾಕಿ ಬಂದ್ಳು ನೋಡ್ರಿ" ಎಂದಂದಿನಿಂದ ಅತ್ತೆ ನೀರಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಅದೇ ಮಾತನ್ನು ನಾನು ಮೈಕಿನಲ್ಲಿ ಹೇಳಲೇ?

ನನಗೆ ಹೆದರಿಕೆ ಇಲ್ಲವೆಂದಲ್ಲ. ಈಗ ಹೊಟ್ಟೆ ತುಂಬ ಉಣ್ಣುತ್ತೇನೆ, ಕೊಟ್ಟ ಗುಳಿಗೆ ನುಂಗುತ್ತೇನೆ, ಆದರೂ ಹೆದರಿಕೆ. ಕೂಸು ಒದ್ದರೆ ಹೆದರಿಕೆ, ಒದೆಯದಿದ್ದರೆ ಹೆದರಿಕೆ. ಇದಾದರೂ ನನ್ನ ಮುಖ ನೋಡೀತೇ? ಯಾರನ್ನು ಕೇಳಲಿ? ಅತ್ತೆಯ ಹೆದರಿಕೆಯೇ ಬೇರೆ. ನಾನು ಉಂಡಷ್ಟೂ, ತೀರಿಹೋದ ತನ್ನ ಮಗಳಂತೆ ನಾನೂ ಹೋದೇನೆಂದು ಅವಳ ಜೀವ ಹಾರುತ್ತದೆ. ಇವತ್ತು ಬೆಳಿಗ್ಗೆ ಇಡೀ ರೊಟ್ಟಿ, ಮೇಲೆ ಪುಂಡಿಪಲ್ಯ ಹಾಕಿ, ಗೋಡೆಯ ಕಡೆ ಮುಖ ತಿರುಗಿಸಿ ಕೂತಳು. ನೋಡಲಾಗಲಿಲ್ಲ ಅವಳಿಗೆ. ಆದರೂ ಹಾಕಿದಳು.

ಬಸುರಿಯರೇ, ಉಣ್ಣಿರಿ. ರೊಟ್ಟಿ, ಬೇಳೆ, ಸೊಪ್ಪು, ಸಿಕ್ಕರೆ ಹಾಲು, ತತ್ತಿ. ನಿಮಗೆ ಹಸಿವಾಗುತ್ತದೆ, ಅದಕ್ಕೆ ಉಣ್ಣಿರಿ. ನನ್ನ ಮಗಳನ್ನು ಮಾತ್ರ ಗುಮ್ಮ ಮಾಡಿ ತೋರಿಸಬೇಡಿ.

ಈಗ ಉಡಿ ತುಂಬಿ ಊಟಕ್ಕೆ ಬಡಿಸುತ್ತಾರೆ. ಮಂದಿಯ ಎದುರು ಬಸುರಿ ಹೊಟ್ಟೆ ತುಂಬ ಉಂಡರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಆಗಲಿ, ನಾನು ಉಣ್ಣುತ್ತೇನೆ. ಅಧ್ಯಕ್ಷರಲ್ಲಿ ಒಂದು ವಿನಂತಿ: ನನಗೆ ಬಡಿಸುವವಳು, ಅಗೋ ಬಾಗಿಲ ಬಳಿ ಆದೆಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ನಮ್ಮತ್ತೆಯಾಗಲಿ. ಅತ್ತಿ, ಬಾ. ಇಡೀ ರೊಟ್ಟಿ ಹಾಕು. ಈ ಸಲ ಗೋಡಿ ಕಡಿ ತಿರುಗಬ್ಯಾಡ.

ಕರೆದವರಿಗೂ, ಹೇಳಿಕೊಟ್ಟದ್ದನ್ನು ಬಿಟ್ಟು ಬೇರೆ ಮಾತಾಡಿದರೂ ಮೈಕ್ ಕಸಿದುಕೊಳ್ಳದ ಪಾರ್ವತೆಮ್ಮನವರಿಗೂ, ಕೇಳಿದ ನಿಮಗೂ ನಾನು ಋಣಿ. ದಯಮಾಡಿ ಚಪ್ಪಾಳೆ ಹೊಡೆಯಬೇಡಿ. ಆ ಸದ್ದಿಗೆ ಆದೆಮ್ಮ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಸುಮ್ಮನೆ ಕೈ ಮುಗಿಯಿರಿ, ನಾನೂ ಮುಗಿಯುತ್ತೇನೆ.

ನಮಸ್ಕಾರ.