ನಲವತ್ತು ನಿಮಿಷ ಕಾಯದೆ ತೆರೆದ ಸೀಸೆ

ನಾನು, ಪ್ರಯೋಗಾಲಯದಲ್ಲಿ ಎಲ್ಲರೂ ಗಡಿಯಾರದಮ್ಮ ಎಂದು ಕರೆಯುವವಳು, ವಯಸ್ಸು 53 ವರ್ಷ, ಉದ್ಯೋಗ ಅದೇ ಪ್ರಯೋಗಾಲಯದ ಶೀತಕೋಣೆಯ ಮೇಲ್ವಿಚಾರಣೆ, ವಾಸ ಅಲ್ಲಿಂದ ಎರಡು ಕಿಲೋಮೀಟರ್ ದೂರದ ನೌಕರರ ವಸತಿಗೃಹದ ಮೂರನೇ ಮಹಡಿ, ಇಂದು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಇದೇ ಮೇಜಿನ ಮುಂದೆ ನಾನು ಕೊಟ್ಟ ಹೇಳಿಕೆ ಸುಳ್ಳು. ಅದನ್ನು ಹಿಂತೆಗೆದುಕೊಂಡು ಇದನ್ನು ಬರೆಸುತ್ತಿದ್ದೇನೆ.

ಶೀತಕೋಣೆಯಲ್ಲಿ ಮೈನಸ್ ಇಪ್ಪತ್ತು ಡಿಗ್ರಿಯ ಮೂರು ಫ್ರೀಜರ್‌ಗಳಿವೆ. ಅವುಗಳಲ್ಲಿ ಪೆಪ್ಟೈಡ್‌ಗಳನ್ನು ಇಡುತ್ತೇವೆ. ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಂಡು, ನೋಡಲು ಬಿಳಿ ಪುಡಿ. ಅದಕ್ಕೆ ಬಿಸಿ ಆಗದು, ಬೆಳಕು ಆಗದು, ತೇವವಂತೂ ಆಗಲೇ ಆಗದು. ತೇವ ತಗುಲಿದರೆ ಉಂಡೆಕಟ್ಟಿ, ಒಡೆದು, ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಫ್ರೀಜರ್‌ನಿಂದ ತೆಗೆದ ಸೀಸೆಯನ್ನು ಕೂಡಲೇ ತೆರೆಯಬಾರದು. ತೆರೆದರೆ, ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವಂತೆ, ಒಳಗಿನ ಪುಡಿಯೂ ಗಾಳಿಯ ತೇವ ಹಿಡಿಯುತ್ತದೆ. ಮುಚ್ಚಳ ಬಿಗಿಯಾಗಿಯೇ ಇರಬೇಕು. ತೇವ ಹೀರುವ ಹರಳು ಹಾಕಿದ ಗಾಜಿನ ಡಬ್ಬಿಯಲ್ಲಿ ಸೀಸೆಯನ್ನು, ಅದು ಹೊರಗಿನ ಗಾಳಿಯಷ್ಟೇ ಬೆಚ್ಚಗಾಗಲು, ನಲವತ್ತು ನಿಮಿಷ ಇಡಬೇಕು. ಆಮೇಲೆ ತೆರೆದು, ಒಂದೊಂದು ಸಲಕ್ಕೆ ಬೇಕಾದಷ್ಟನ್ನು ಸಣ್ಣ ಸೀಸೆಗಳಿಗೆ ತೂಗಿ ಹಂಚಿ ವಾಪಸ್ ಇಡಬೇಕು. ಈ ನಲವತ್ತು ನಿಮಿಷಕ್ಕಾಗಿ ಇಪ್ಪತ್ತಾರು ವರ್ಷ ಎಲ್ಲರ ತಲೆ ತಿಂದಿದ್ದೇನೆ. ಮೂವತ್ತೆಂಟನೇ ನಿಮಿಷಕ್ಕೆ ಮುಚ್ಚಳಕ್ಕೆ ಕೈ ಹಾಕಿದ ಪ್ರೊಫೆಸರ್ ಅವರನ್ನೂ ಬಿಟ್ಟವಳಲ್ಲ.

ಇದೇ ತಿಂಗಳ 4ರಂದು ಮಧ್ಯಾಹ್ನ 3.46ಕ್ಕೆ ಪ್ರೊಫೆಸರ್ ಅವರ ಪೆಪ್ಟೈಡ್ ಸೀಸೆಯನ್ನು ಹೊರತೆಗೆದು, ಸಮಯವನ್ನು ರಿಜಿಸ್ಟರ್‌ನಲ್ಲಿ ಬರೆದೆ. 3.50ಕ್ಕೆ ಅಳಿಯನ ಫೋನ್ ಬಂತು. ಮಗಳಿಗೆ ದಿನ ತುಂಬಲು ಇನ್ನೂ ಮೂರು ವಾರ ಇತ್ತು. ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೀನಿ, ಅಮ್ಮ ಅಮ್ಮ ಅಂತಿದ್ದಾಳೆ, ಬೇಗ ಬನ್ನಿ ಅತ್ತೆ ಎಂದು ಅಳಿಯ ತಿಳಿಸಿದರು. ಆಸ್ಪತ್ರೆ ಒಂಬತ್ತು ಕಿಲೋಮೀಟರ್ ದೂರ. ಬಸ್ಸು 4.20ಕ್ಕೆ, ಅದು ತಪ್ಪಿದರೆ ಇನ್ನೊಂದು ಗಂಟೆ ಇಲ್ಲ. ಸೀಸೆಯನ್ನು ತೆರೆಯದೆ ವಾಪಸ್ ಇಟ್ಟು ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದವಳಲ್ಲ ಎಂಬ ಜಂಬ ನನಗಿತ್ತು.

3.54ಕ್ಕೆ ಸೀಸೆ ತೆರೆದೆ. ಗಾಜು ಇನ್ನೂ ಕೈ ಕೊರೆಯುವಷ್ಟು ತಣ್ಣಗಿತ್ತು. ಹೊರಮೈ ಮೇಲೆ ಹನಿ ಕೂತಿದ್ದನ್ನು ಕಣ್ಣಾರೆ ಕಂಡು ಕೋಟಿನ ತೋಳಿನಿಂದ ಒರೆಸಿದೆ. ಪುಡಿಯನ್ನು ಆರು ಸಣ್ಣ ಸೀಸೆಗಳಿಗೆ ಹಂಚಿ 4.10ಕ್ಕೆ ಫ್ರೀಜರ್‌ನಲ್ಲಿಟ್ಟೆ. ನಂತರ ರಿಜಿಸ್ಟರ್‌ನಲ್ಲಿ, ತೆರೆದ ಸಮಯ 4.26, ವಾಪಸ್ ಇಟ್ಟ ಸಮಯ 4.42 ಎಂದು ಬರೆದೆ. ಅಂದರೆ ಇನ್ನೂ ಬಂದಿರದ ಸಮಯವನ್ನು ಬರೆದು ಅದರ ಕೆಳಗೆ ಸಹಿ ಹಾಕಿದೆ. ಫ್ರೀಜರ್ ಬಾಗಿಲು ಸರಿಯಾಗಿ ಕೂತಿತೇ ಎಂದು ತಿರುಗಿಯೂ ನೋಡಲಿಲ್ಲ. ಸಂಜೆ 6.05ಕ್ಕೆ ಮೊಮ್ಮಗಳು ಹುಟ್ಟಿದಳು, ತೂಕ 2.3 ಕೆ.ಜಿ. ಇದಕ್ಕೂ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಇರಲಿ, ಬರೆಯಿರಿ ಎಂದು ಕೇಳಿಕೊಂಡಿದ್ದೇನೆ.

ಬಾಗಿಲು ಕೂತಿರಲಿಲ್ಲ. 5.10ಕ್ಕೆ ಫ್ರೀಜರ್‌ನ ಅಲಾರಂ ಹೊಡೆದುಕೊಂಡಿತು. ಗೇಟಿನ ಕಾವಲುಗಾರರು, ನಾವೆಲ್ಲ ದೊಡ್ಡಪ್ಪ ಎನ್ನುವವರು, ವಯಸ್ಸು 61, ಒಳಗೆ ಹೋಗಿ ಬಾಗಿಲನ್ನು ಒತ್ತಿ ಮುಚ್ಚಿದರು. ಹೋದ ಸಮಯವನ್ನು ಶೀತಕೋಣೆಯ ಅದೇ ರಿಜಿಸ್ಟರ್‌ನಲ್ಲಿ ಇದ್ದದ್ದು ಇದ್ದಂತೆ ಬರೆದರು. ಅವರು ಹೋಗದಿದ್ದರೆ ಆ ಫ್ರೀಜರ್‌ನಲ್ಲಿದ್ದ ಉಳಿದ ಸೀಸೆಗಳೂ ಹಾಳಾಗುತ್ತಿದ್ದವು.

ಮಗಳ ಬಾಣಂತನಕ್ಕೆಂದು ನಾನು ರಜೆಯಲ್ಲಿದ್ದಷ್ಟು ದಿನ ಆ ಫ್ರೀಜರನ್ನು ಯಾರೂ ತೆರೆಯಲಿಲ್ಲ. ನಾನು ಕೆಲಸಕ್ಕೆ ಮರಳಿದ 16ರಂದು ಪ್ರೊಫೆಸರ್ ಸಣ್ಣ ಸೀಸೆಗಳನ್ನು ತೆಗೆದಾಗ ಪುಡಿ ತೇವ ಹಿಡಿದ ಉಪ್ಪಿನಂತೆ ಉಂಡೆಕಟ್ಟಿತ್ತು. ಎಂಟು ತಿಂಗಳ ಕೆಲಸ ಮಣ್ಣುಪಾಲಾಯಿತು. ರಿಜಿಸ್ಟರ್ ಪ್ರಕಾರ ನಾನು ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದೆ. ನನ್ನ ನಂತರ ಫ್ರೀಜರ್ ಮುಟ್ಟಿದವರು ದೊಡ್ಡಪ್ಪ ಒಬ್ಬರೇ. ಗೇಟಿಗೆ ಅಡ್ಡ ಕಾರು ನಿಲ್ಲಿಸಿದ ವಿಷಯಕ್ಕೆ ಪ್ರೊಫೆಸರ್‌ಗೂ ಅವರಿಗೂ ಹಿಂದೊಮ್ಮೆ ಮಾತಿಗೆ ಮಾತು ಬೆಳೆದಿತ್ತು. ಆ ಸಿಟ್ಟಿಗೆ ಸೀಸೆಗೆ ನೀರು ಹಾಕಿದ್ದಾರೆ ಎಂದು ಪ್ರೊಫೆಸರ್ ದೂರು ಕೊಟ್ಟರು. ಉಂಡೆ ನೋಡಿದ ಕೂಡಲೇ ಅದು ನನ್ನದೇ ಕೆಲಸ ಎಂದು ನನಗೆ ಗೊತ್ತಾಗಿತ್ತು. ಆದರೂ 17ರಂದು ಠಾಣಾಧಿಕಾರಿಗಳಾದ ತಮ್ಮ ಮುಂದೆ, ರಿಜಿಸ್ಟರ್‌ನಲ್ಲಿರುವುದೆಲ್ಲ ನಿಜ ಎಂದೆ. ಇಷ್ಟು ವರ್ಷ ಊರಿಗೆಲ್ಲ ಗದರಿದವಳು ಇನ್ನು ಮುಖ ಎತ್ತಿ ಹೇಗೆ ತಿರುಗಲಿ ಎಂಬುದೊಂದೇ ತಲೆಯಲ್ಲಿತ್ತು. ಅದಕ್ಕೆ ಈಗ ನಾಚಿಕೆಯಾಗುತ್ತಿದೆ.

ಇಂದು ಬೆಳಿಗ್ಗೆ 9.50ಕ್ಕೆ ನಾನು ಬಂದಾಗ ದೊಡ್ಡಪ್ಪ ಠಾಣೆಯ ಹೊರಗಿನ ಬೆಂಚಿನ ಮೇಲಿದ್ದರು. ಅವರನ್ನು ಹೀಗೆ ಕೂರಿಸಿ ಇದು ಮೂರನೇ ದಿನ. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂಬ ಪತ್ರವೂ ಅವರ ಕೈ ಸೇರಿದೆ. ನನ್ನನ್ನು ಕಂಡು, ಮಗು ರಾತ್ರಿ ನಿದ್ದೆ ಮಾಡುತ್ತಾ ಅಮ್ಮಾ ಎಂದಷ್ಟೇ ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

ಅವರು ಕೈಚೀಲದಿಂದ, ಬಂದುಹೋಗುವವರ ಸಮಯ ಬರೆಯುವ ಗೇಟಿನ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಕಳೆದುಹೋಗಿದೆ ಎಂದು ಅವರು ಠಾಣೆಯಲ್ಲಿ ತಿಳಿಸಿದ್ದ ಪುಸ್ತಕವೇ ಅದು. 4ನೇ ತಾರೀಖಿನ ಪುಟದಲ್ಲಿ ನಾನು ಹೊರಗೆ ಹೋದ ಸಮಯ 4.14 ಎಂದಿದೆ, ಅಂದರೆ ಸೀಸೆ ತೆರೆದೆನೆಂದು ನಾನು ಬರೆದ 4.26ಕ್ಕೂ ಹನ್ನೆರಡು ನಿಮಿಷ ಮೊದಲು. ಪಕ್ಕದಲ್ಲಿ ಅವರ ಅಕ್ಷರದಲ್ಲಿ, ಮಗಳ ಹೆರಿಗೆ, ಓಡಿಹೋದರು ಎಂದಿದೆ. ಇದನ್ನ ತೋರಿಸಿದ್ರೆ ಮೊದಲ ದಿನವೇ ಮನೆಗೆ ಹೋಗ್ತಿದ್ರಲ್ಲ ದೊಡ್ಡಪ್ಪ ಎಂದು ಕೇಳಿದೆ. ನೀವಾಗೇ ಹೇಳೋದು ಬೇರೆ, ನಾನು ಹಿಡಿದುಕೊಡೋದು ಬೇರೆ, ಇನ್ನೊಂದೆರಡು ದಿನ ನೋಡೋಣ ಅಂತಿದ್ದೆ ಅಮ್ಮಾ ಎಂದರು.

ಆ ಪುಸ್ತಕವನ್ನು ಇದರೊಂದಿಗೆ ಒಪ್ಪಿಸಿದ್ದೇನೆ. ಬಚ್ಚಿಟ್ಟಿದ್ದಕ್ಕೆ ಅವರನ್ನು ಏನೂ ಅನ್ನಬಾರದೆಂದು, ಅವರನ್ನು ಈಗಲೇ ಮನೆಗೆ ಕಳುಹಿಸಬೇಕೆಂದು, ನನ್ನ ಮೇಲೆ ಆಗಬೇಕಾದ ಕ್ರಮ ಆಗಲೆಂದು ಕೋರುತ್ತೇನೆ. ಬರೆದುದನ್ನು ನನಗೆ ಓದಿ ಹೇಳಿದರು. ಇದರಲ್ಲಿರುವ ಪ್ರತಿಯೊಂದು ಸಮಯವೂ ನಿಜವಾಗಿ ನಡೆದ ಸಮಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳ 18, ಬೆಳಿಗ್ಗೆ 11.25
ಸಹಿ: (ಶೀತಕೋಣೆಯ ಮೇಲ್ವಿಚಾರಕಿ)
ಸಾಕ್ಷಿ ಸಹಿ: (ಗೇಟಿನ ಕಾವಲುಗಾರರು, ಮನೆಗೆ ಹೊರಡುವ ಮುನ್ನ)