ಅತ್ತೆ ಆರಿಸಿದ ವೇಷ

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಕೂತಿದ್ದರು. ಸೊಸೆ ಮೊಬೈಲಿನಲ್ಲಿ ಆಟವೊಂದನ್ನು ತೆರೆದು ಅತ್ತೆಯ ಮುಂದೆ ಹಿಡಿದಳು.

“ನಮ್ಮ ತಂಡಕ್ಕೆ ಒಬ್ರು ಕಮ್ಮಿ ಬಿದ್ದಾರೆ, ಅತ್ತೆ. ನೀವೇ ಸೇರ್ಕಳ್ರಿ. ಮೊದ್ಲು ಕುಲ ಆರಿಸ್ಬೇಕು.”

“ಆಟಕ್ಕೂ ಕುಲ ಕೇಳ್ತಾರೇನೆ?”

“ಆ ಕುಲ ಅಲ್ಲ. ಮನುಷ್ಯರು, ಕುಳ್ಳರು, ರಾಕ್ಷಸರು. ಯಾರಾಗ್ತೀರಿ?”

“ರಾಕ್ಷಸಿ ಮಾಡು. ಹೆಂಗೂ ನಿಮ್ಮವ್ವನ ಹತ್ರ ಹಂಗೇ ಹೇಳಿರ್ತೀಯ.”

“ಹೇಳಿಲ್ಲ. ಇವತ್ತು ಹೇಳ್ತೀನಿ. ಆತು, ಇನ್ನು ಕೆಲಸ. ನಿಮಗೆ ವೈದ್ಯೆ ಸರಿ. ಹಿಂದೆ ಇದ್ದು ಗಾಯ ಆದೋರನ್ನ ನೋಡ್ಕಳೋದು.”

“ಹಿಂದೆನಾ? ಬ್ಯಾಡ.”

“ಯಾಕತ್ತೆ? ಕುರಿಮರಿಗಳಿಗೆಲ್ಲ ಮದ್ದು ಹಾಕೋರು ನೀವೇ ಅಲ್ವಾ?”

“ಅದಕ್ಕೇ ಬ್ಯಾಡ. ಕುರಿ ಹೊಡ್ಕಂಡು ಹೋಗುವಾಗ ನಿಮ್ಮಾವ ಕೋಲು ಹಿಡ್ಕಂಡು ಮುಂದೆ. ಕುಂಟೋ ಮರಿ ಹೆಗಲಿಗೆ ಹಾಕ್ಕಂಡು ನಾನು ಹಿಂದೆ. ಆ ಹಿಂಡಿನ ಧೂಳೆಲ್ಲ ನಾನೇ ಕುಡಿದೀನಿ. ಇದ್ರಲ್ಲಿ ಮುಂದೆ ಹೋಗೋರು ಯಾರು?”

“ಕತ್ತಿ ಹಿಡಿದಿರೋ ಯೋಧೆ. ಮೊದಲ್ನೇ ಏಟು ಬೀಳೋದೂ ಅವಳಿಗೇ.”

“ಬೀಳ್ಲಿ. ಅದನ್ನೇ ಒತ್ತು.”

“ಹಂಗಾರೆ ವೈದ್ಯೆ ಯಾರು?”

“ನೀನೇ ಆಗು ನಾಗಶ್ರೀ. ನಿಂದು ಇನ್ನೂ ಹೊಸ ಹೆಗಲು.”

ಹೊಳಲ್ಕೆರೆ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜನರ ನಡುವೆ ನುಗ್ಗಿದರು. ಎರಡೂ ಚೀಲ ಹೊತ್ತ ಸೊಸೆ ಹಿಂದೆ ಉಳಿದಳು.

“ಅತ್ತೆ, ನಿಲ್ರಿ!”

ಬಸ್ಸಿನ ಬಾಗಿಲಿನಿಂದ ಉತ್ತರ ಬಂತು.

“ಧೂಳೈತೆ, ಬಾಯಿ ಮುಚ್ಕಂಡು ಬಾರೆ!”