ಡಾಕ್ಟರ್ ಜೋರಾಗಿ ಹೇಳಬೇಕಾದ ಮಾತು

ಅಧ್ಯಕ್ಷರಾದ ಸಂಜೀವಪ್ಪನವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಅಂಬ್ರೀನ್ ಅವರೇ, ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ಮನೆಗಳಿಂದ ಬಂದಿರುವ ಸಭಿಕರೇ,

ನಾನು ಧನಲಕ್ಷ್ಮಿ, ಕಗ್ಗದಾಸಪುರದವಳು. ನಮ್ಮ ಯಜಮಾನರು ಮುನಿಆಂಜನಪ್ಪ ಹಲಸೂರಿನಲ್ಲಿ ಟೈಲರ್ ಆಗಿದ್ದರು. ಈಗ ಕೊನೆಯ ಸಾಲಿನಲ್ಲಿ, ಪ್ಲಗ್ ಪಾಯಿಂಟ್ ಪಕ್ಕದಲ್ಲಿ, ಆಕ್ಸಿಜನ್ ಮಿಷನ್ ಹಾಕಿಕೊಂಡು ಕೂತಿದ್ದಾರೆ. ಯಾವ ಸಭೆಗೆ ಹೋದರೂ ಅವರಿಗೆ ಆ ಜಾಗವೇ. ಮಂತ್ರಿಗಳು ಬಂದರೂ ಏಳಿಸುವ ಹಾಗಿಲ್ಲ.

ಈ ಕಾಯಿಲೆ ಬಂದ ಮನೆಯಲ್ಲಿ ಜನ ಮೊದಲು ಕೇಳುವುದೇನು? ಹೇಗಿದ್ದಾರೆ ಎಂದಲ್ಲ, ಯಾಕೆ ಬಂತು ಎಂದು. ಬೀಡಿ ಸೇದ್ತಿದ್ರಾ? ಇಲ್ಲ. ಬಟ್ಟೆ ಧೂಳಾ? ಹಲಸೂರಿನಲ್ಲಿ ಬೇರೆ ಟೈಲರ್‌ಗಳಿಲ್ಲವೇ? ಪಾರಿವಾಳದ ಹಿಕ್ಕೆಯಾ? ಕಿಟಕಿಗೆ ಬರುತ್ತಿದ್ದವು, ಬಲೆ ಕಟ್ಟಿಸಿದೆವು. ಕೆಮ್ಮು ನಿಲ್ಲಲಿಲ್ಲ.

ನಮ್ಮ ಅತ್ತೆ ಆಂಜನಮ್ಮನವರು ಮಾತ್ರ ಕಾರಣ ಕಂಡುಹಿಡಿದಿದ್ದರು. "ಶುಕ್ರವಾರ ಶುಕ್ರವಾರ ಸಾಂಬ್ರಾಣಿ ಹಾಕಿ ನನ್ನ ಮಗನ ಎದೆ ಸುಟ್ಬಿಟ್ಟೆ ಕಣೇ." ಸಾಂಬ್ರಾಣಿ ನಿಲ್ಲಿಸಿದೆ. ಆಮೇಲೆ ಒಗ್ಗರಣೆ ಹೊಗೆ ಎಂದರು. ಅದನ್ನೂ ನಿಲ್ಲಿಸಿದೆ. "ಇದೇನೇ, ಆಸ್ಪತ್ರೆ ಸಾರಾ?" ಎಂದು ಬೈದವರೂ ಅವರೇ.

ಒಂದು ದಿನ ಈ ಡಾಕ್ಟರ್ ಅಂಬ್ರೀನ್ ಅವರನ್ನೇ ಕೇಳಿದೆ, "ನನ್ನಿಂದ ಆಯ್ತಾ ಮೇಡಂ?"

"ನೋಡಮ್ಮ, ಗಾಯ ಮಾಯೋ ಕೆಲಸ ಒಂದು ಕಡೆ ನಿಲ್ಬೇಕು. ಇವರ ಶ್ವಾಸಕೋಶದಲ್ಲಿ ನಿಲ್ತಿಲ್ಲ, ಕಲೆ ಮೇಲೆ ಕಲೆ ಕಟ್ತಾ ಗಟ್ಟಿಯಾಗ್ತಿದೆ. ಕೆಲವರಲ್ಲಿ ಕಾರಣ ಸಿಗುತ್ತೆ. ಇವರಿಗೆ ಎಲ್ಲಾ ಪರೀಕ್ಷೆ ಮಾಡಿದ್ವಿ, ಸಿಗಲಿಲ್ಲ. ಯಾಕೆ ಶುರುವಾಯ್ತೋ ನಮಗೂ ಗೊತ್ತಿಲ್ಲ."

ಅಷ್ಟು ಓದಿದವರು ಗೊತ್ತಿಲ್ಲ ಎಂದರೆ ಬೇರೆಯವರಿಗೆ ಭಯವಾಗಬಹುದು. ನಾನು ಅಂದು ಬಸ್ಸಿನಲ್ಲಿ ನಿದ್ದೆ ಹೋದೆ. ಬೈಯಪ್ಪನಹಳ್ಳಿ ದಾಟಿದ್ದೂ ತಿಳಿಯಲಿಲ್ಲ.

ಹೋದ ವಾರ ಅವರೆಕಾಯಿ ಬಿಡಿಸುತ್ತಾ ಅತ್ತೆ ಮೆಲ್ಲಗೆ ಕೇಳಿದರು, "ಧನಾ, ಇವನು ಕೂಸಾಗಿದ್ದಾಗ ಚಳಿ ಅಂತ ಸೌದೆ ಒಲೆ ಮುಂದೇನೇ ಮಲಗಿಸ್ತಿದ್ದೆ. ಅದಕ್ಕೇನಾದ್ರೂ..." 

ಹಾಗಾದರೆ ಇಷ್ಟು ದಿನ ನನ್ನನ್ನು ಬೈದದ್ದು ಯಾಕೆ? ಆಗ ಅರ್ಥವಾಯಿತು. ಅಲ್ಲ ಅತ್ತೆ ಎಂದೆ. ಸೊಸೆಯ ಮಾತು ನಂಬುವ ಅತ್ತೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮೇಡಂ, ಅವರೂ ಬಂದಿದ್ದಾರೆ. ಮಗನ ಪಕ್ಕ ಹಸಿರು ಸೀರೆ. ನನ್ನ ನಂತರ ನೀವು ಮಾತನಾಡುವಾಗ, ನನಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ. ಯಾಕೆ ಶುರುವಾಯಿತೋ ಗೊತ್ತಿಲ್ಲ ಎಂದು. ಅವರಿಗೆ ಕಿವಿ ಮಂದ. ಅದಕ್ಕೇ ನಾನು ಇಷ್ಟು ಹೊತ್ತು ಮೆಲ್ಲಗೆ ಮಾತನಾಡಿದೆ. ನೀವು ಜೋರಾಗಿ ಹೇಳಿ.

ಮಾತಿಗೆ ಮೈಕು, ಯಜಮಾನರಿಗೆ ಪ್ಲಗ್ ಪಾಯಿಂಟ್ ಕೊಟ್ಟ ಸಂಘದವರಿಗೆಲ್ಲ ವಂದನೆಗಳು. ನಮಸ್ಕಾರ.